ಡೀಸೆಲ್ ಎಂಜಿನ್: ಒಳಗಿನ ಕೆಲಸ ಮತ್ತು ಕುಣಿಗಲ್ ಸೀಮೆಯ ಎರಡು ಹಳ್ಳಿಗಳ ಪಾಠ

(ಬಟವಾಡಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಬಟವಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಬರುವ ಲಾರಿಯಲ್ಲಿ ದವಸವಿರಲಿ, ತರಕಾರಿಯಿರಲಿ, ಅದನ್ನು ಎಳೆದು ತರುವುದು ಡೀಸೆಲ್ ಎಂಜಿನ್. ಇಲ್ಲಿನ ಬಿ.ಎಚ್. ರಸ್ತೆ ಗುಬ್ಬಿ, ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರಗಳನ್ನು ಹಾದು, ಘಟ್ಟವಿಳಿದು ಹೊನ್ನಾವರವನ್ನು ಸೇರುತ್ತದೆ. ಆ ದಾರಿಯುದ್ದಕ್ಕೂ ಬಯಲಿನಲ್ಲಿ ಟ್ರ್ಯಾಕ್ಟರಾಗಿ, ತೋಟದಲ್ಲಿ ಪಂಪ್‌ಸೆಟ್ಟಾಗಿ, ಗುಡ್ಡ ಕಡಿಯುವಲ್ಲಿ ಜೆಸಿಬಿಯಾಗಿ ಇದೇ ಯಂತ್ರ ದುಡಿಯುತ್ತದೆ. ಗುಡ್ಡ ಉಳಿಯಲಿ ಎನ್ನುವವರೂ ಸಭೆಗೆ ಬರುವುದು ಬಹುಮಟ್ಟಿಗೆ ಡೀಸೆಲ್ ಬಸ್ಸಿನಲ್ಲಿಯೇ. ಆದುದರಿಂದ ಈ ಯಂತ್ರವನ್ನು ಹಳಿಯುವುದಕ್ಕೂ ಹೊಗಳುವುದಕ್ಕೂ ಮೊದಲು ಅರಿಯುವುದು ಲೇಸು.

ಕಿಡಿಯಿಲ್ಲದ ಬೆಂಕಿ

ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಪಂಪಿನ ಬುಡ ಬಿಸಿಯಾಗುವುದು ಗೊತ್ತು. ಗಾಳಿಯನ್ನು ಒತ್ತಿ ಚಿಕ್ಕದಾಗಿಸಿದರೆ ಅದು ಕಾಯುತ್ತದೆ. ಡೀಸೆಲ್ ಎಂಜಿನ್ನಿನ ಮೂಲತತ್ತ್ವ ಇಷ್ಟೇ. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನಕ್ಕೆ ಬೆಂಕಿ ಹೊತ್ತಿಸಲು ಸ್ಪಾರ್ಕ್ ಪ್ಲಗ್ಗಿನ ಕಿಡಿ ಬೇಕು. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನೇ ಅದರ ಗಾತ್ರದ ಸುಮಾರು 16ರಿಂದ 20ರಲ್ಲಿ ಒಂದು ಪಾಲಿಗೆ ಒತ್ತಲಾಗುತ್ತದೆ. ಆಗ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು 250 ಡಿಗ್ರಿಯ ಆಸುಪಾಸು ಸಾಕು. ಆ ಕೆಂಡದಂತಹ ಗಾಳಿಗೆ ಎಣ್ಣೆಯನ್ನು ಸಿಂಪಡಿಸಿದೊಡನೆ ಉರಿಯೇಳುತ್ತದೆ.

ಜರ್ಮನಿಯ ಎಂಜಿನಿಯರ್ ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಈ ತತ್ತ್ವದ ಎಂಜಿನ್ನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದನು. ಇಂಧನದ ಶಾಖದಲ್ಲಿ ಸುಮಾರು ಕಾಲು ಭಾಗ ದುಡಿಮೆಯಾಗಿ ದೊರೆಯಿತು. ಆ ಕಾಲದ ಉಗಿಯಂತ್ರಗಳಿಗೆ ಇದರ ಅರ್ಧವೂ ಕಷ್ಟವಾಗಿತ್ತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥದೊಂದು ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತೆಂಬುದು ನೆನಪಿಡಬೇಕಾದ ಸಂಗತಿ. ಈ ಯಂತ್ರ ಹುಟ್ಟಿನಿಂದಲೇ ನೆಲದಾಳದ ಎಣ್ಣೆಗೆ ಮಾತ್ರ ಕಟ್ಟುಬಿದ್ದುದಲ್ಲ.

ನಾಲ್ಕು ನಡೆಗಳು

ಎಂಜಿನ್ನಿನ ನಡುವೆ ಉಕ್ಕಿನ ಕೊಳವೆಯಂತಹ ಸಿಲಿಂಡರ್ ಇದೆ. ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಚಲಿಸುತ್ತದೆ. ಮೊದಲ ನಡೆಯಲ್ಲಿ ಪಿಸ್ಟನ್ ಕೆಳಗಿಳಿದಾಗ ಒಂದು ವಾಲ್ವ್ ತೆರೆದು ಶುದ್ಧ ಗಾಳಿ ಒಳಬರುತ್ತದೆ. ಎರಡನೆಯದರಲ್ಲಿ ವಾಲ್ವ್‌ಗಳೆರಡೂ ಮುಚ್ಚಿರುತ್ತವೆ. ಪಿಸ್ಟನ್ ಮೇಲೇರಿ ಗಾಳಿಯನ್ನು ಒತ್ತುತ್ತದೆ. ಒತ್ತಡ ತುದಿ ಮುಟ್ಟುವ ಹೊತ್ತಿಗೆ ಇಂಧನ ಸಿಂಪಡಣೆಯಾಗಿ ಉರಿಯುತ್ತದೆ. ಹಿಗ್ಗಿದ ಅನಿಲ ಪಿಸ್ಟನ್ನನ್ನು ಕೆಳಗೆ ನೂಕುವುದು ಮೂರನೆಯ ನಡೆ. ನಾಲ್ಕನೆಯದರಲ್ಲಿ ಮತ್ತೊಂದು ವಾಲ್ವ್ ತೆರೆದು ಹೊಗೆ ಹೊರಹೋಗುತ್ತದೆ. ದುಡಿಮೆ ದೊರೆಯುವುದು ಮೂರನೆಯ ನಡೆಯಲ್ಲಿ ಮಾತ್ರ. ಉಳಿದ ಮೂರನ್ನು ನಡೆಸಿಕೊಂಡು ಹೋಗುವುದು ಭಾರವಾದ ಫ್ಲೈವೀಲ್. ನಿಮಿಷಕ್ಕೆ 1500 ಸುತ್ತು ತಿರುಗುವ ಪಂಪ್‌ಸೆಟ್ಟಿನ ಸಿಲಿಂಡರಿನಲ್ಲಿ ಈ ನಾಲ್ಕೂ ನಡೆಗಳು ನಿಮಿಷಕ್ಕೆ 750 ಸಲ ಮುಗಿಯುತ್ತವೆ.

ಪಿಸ್ಟನ್ನಿನ ಏರಿಳಿತವನ್ನು ಕನೆಕ್ಟಿಂಗ್ ರಾಡ್ ಹೊತ್ತೊಯ್ದು ಕ್ರ್ಯಾಂಕ್‌ಶಾಫ್ಟಿನಲ್ಲಿ ತಿರುಗಾಟವಾಗಿಸುತ್ತದೆ. ಪಿಸ್ಟನ್ ರಿಂಗುಗಳು ಮೇಲಿನ ಒತ್ತಡ ಕೆಳಗೆ ಸೋರದಂತೆಯೂ ಕೆಳಗಿನ ಆಯಿಲ್ ಮೇಲೇರದಂತೆಯೂ ತಡೆಯುತ್ತವೆ. ಕ್ಯಾಮ್‌ಶಾಫ್ಟ್ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುತ್ತದೆ.

ಇಡೀ ಯಂತ್ರದ ಅತಿ ಸೂಕ್ಷ್ಮ ಭಾಗಗಳೆಂದರೆ ಇಂಧನ ಪಂಪು ಮತ್ತು ನಾಝಲ್. ಹಳೆಯ ಮಾದರಿಯ ಪಂಪ್‌ಸೆಟ್ಟಿನಲ್ಲಿಯೂ ಪಂಪು ಡೀಸೆಲನ್ನು ವಾಯುಮಂಡಲದ ಒತ್ತಡದ ಸುಮಾರು 200 ಪಟ್ಟು ಒತ್ತಿ, ಕೂದಲೆಳೆಯಷ್ಟು ಸಣ್ಣ ರಂಧ್ರಗಳಿಂದ ಮಂಜಿನಂತೆ ಸಿಂಪಡಿಸುತ್ತದೆ. ಇಲ್ಲಿನ ಲೋಹದ ಭಾಗಗಳಿಗೆ ಡೀಸೆಲ್ಲೇ ಜಿಡ್ಡು. ಸೀಮೆಎಣ್ಣೆ ಬೆರೆತರೆ ಆ ಜಿಡ್ಡು ಕಡಿಮೆಯಾಗಿ ಪಂಪು ಸವೆಯುತ್ತದೆ. ನೀರು ಬೆರೆತರೆ ತುಕ್ಕು ಹಿಡಿಯುತ್ತದೆ. ಎಣ್ಣೆ ಪೂರ್ತಿ ಬರಿದಾಗಿ ಕೊಳವೆಗೆ ಗಾಳಿ ಹೊಕ್ಕರೆ, ಆ ಗಾಳಿಯನ್ನು ಬಿಡಿಸುವವರೆಗೆ ಎಂಜಿನ್ ಏಳುವುದಿಲ್ಲ. ಗಾಳಿ ಕುಗ್ಗುತ್ತದೆಯೇ ಹೊರತು ಎಣ್ಣೆಯನ್ನು ಮುಂದಕ್ಕೆ ನೂಕುವುದಿಲ್ಲ.

ಇನ್ನೊಂದು ಭಾಗ ಗವರ್ನರ್. ಹೊರೆ ತಗ್ಗಿ ವೇಗ ಏರಿದರೆ ಅದು ಡೀಸೆಲನ್ನು ಕಡಿಮೆ ಮಾಡುತ್ತದೆ, ವೇಗ ಇಳಿದರೆ ಹೆಚ್ಚಿಸುತ್ತದೆ. ಈ ಪುಟ್ಟ ಭಾಗವೇ ಮುಂದಿನ ಕಥೆಯ ನಾಯಕ.

ಪುರ ಮತ್ತು ಹೊಸಹಳ್ಳಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಅದರ ಹಳ್ಳಿಯ ಕೇಂದ್ರ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿತ್ತು. ಅದೇ ಸೀಮೆಯ ಪುರ ಎಂಬ ಹಳ್ಳಿಯಲ್ಲಿ ಊರೊಟ್ಟಿನ ಗೋಬರ್ ಗ್ಯಾಸ್ ಸ್ಥಾವರ ಕಟ್ಟಲಾಯಿತು. ಅಡುಗೆಗೆ ಅನಿಲ ಕೊಡುವುದು ಮೊದಲ ಯೋಚನೆ. ಆದರೆ ಎಲ್ಲ ಮನೆಗಳ ಒಲೆಗೆ ಸಾಕಾಗುವಷ್ಟು ಸಗಣಿ ಸಿಗಲಿಲ್ಲ. ಆಗ ದಾರಿ ಬದಲಾಯಿತು. 1987ರಿಂದ ಅದೇ ಅನಿಲದಿಂದ ಸುಮಾರು 5 ಕಿಲೋವ್ಯಾಟಿನ ಡೀಸೆಲ್ ಜನರೇಟರನ್ನು ಓಡಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೆ ಹರಿಸಿ, ಮನೆಗಳಿಗೆ ದೀಪ ಕೊಡಲಾಯಿತು. ಸಗಣಿ ತಂದವರಿಗೆ ಬಗ್ಗಡ ಗೊಬ್ಬರವಾಗಿ ಮರಳಿ ದೊರೆಯುತ್ತಿತ್ತು. ಹೊತ್ತು ತಂದುದಕ್ಕೆ ಕೂಲಿಯೂ ಇತ್ತು.

ಡೀಸೆಲ್ ಎಂಜಿನ್ ಅನಿಲದಿಂದ ಓಡಿದ್ದು ಹೇಗೆ? ಗೋಬರ್ ಗ್ಯಾಸಿನ ಸುಡುವ ಭಾಗವಾದ ಮೀಥೇನ್ ಒತ್ತಿದ ಗಾಳಿಯ ಬಿಸಿಗೆ ಸುಲಭವಾಗಿ ತಾನೇ ಹೊತ್ತಿಕೊಳ್ಳದು. ಆದ್ದರಿಂದ ಅನಿಲವನ್ನು ಗಾಳಿಯೊಡನೆ ಒಳಬಿಟ್ಟು, ಸ್ವಲ್ಪ ಡೀಸೆಲನ್ನು ಕಡ್ಡಿ ಗೀರಿದಂತೆ ಸಿಂಪಡಿಸಬೇಕು. ಅನಿಲ ಒಳಹೊಕ್ಕೊಡನೆ ವೇಗ ಏರುತ್ತದೆ. ಗವರ್ನರ್ ತಾನಾಗಿ ಡೀಸೆಲನ್ನು ಹಿಂದೆಳೆಯುತ್ತದೆ. ಅನಿಲ ಮುಗಿದರೆ ಅದೇ ಗವರ್ನರ್ ಡೀಸೆಲನ್ನು ಮತ್ತೆ ಹೆಚ್ಚಿಸುತ್ತದೆ, ದೀಪ ಆರುವುದಿಲ್ಲ. ಎಂಜಿನ್ನಿನ ಒಡಲನ್ನು ಬಿಚ್ಚದೆ ಎಣ್ಣೆಯ ಬಹುಪಾಲು ಉಳಿತಾಯವಾಗುವ ಮರ್ಮ ಇದು.

1988ರಲ್ಲಿ ವಿದ್ಯುತ್ ಕಾಣದ ಹೊಸಹಳ್ಳಿಯಲ್ಲಿ ಸಗಣಿಯ ಬದಲು ಸೌದೆಯಿಂದ ಇದೇ ಕೆಲಸ ನಡೆಯಿತು. ಸೌದೆಯನ್ನು ಕಡಿಮೆ ಗಾಳಿಯಲ್ಲಿ ಅರೆಬರೆ ಉರಿಸಿ ಪಡೆದ ಅನಿಲವನ್ನು ತೊಳೆದು, ತಣಿಸಿ, ಮೊದಲಿಗೆ 3.7 ಕಿಲೋವ್ಯಾಟಿನ, ಅನಂತರ 20 ಕಿಲೋವ್ಯಾಟಿನ ವ್ಯವಸ್ಥೆಯನ್ನು ನಡೆಸಲಾಯಿತು. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಒಂದು ದಶಕಕ್ಕೂ ಹೆಚ್ಚು ಕಾಲ ನಡೆದವು. ಸೌದೆಗಾಗಿ ಕಾಡಿಗೆ ಕೈಹಾಕದೆ ಊರಿನ ನೆಲದಲ್ಲಿಯೇ ಮರ ಬೆಳೆಸಲಾಯಿತೆಂಬುದು ಮಲೆಯವರು ಗಮನಿಸಬೇಕಾದ ಮಾತು.

ಈ ದಾರಿಗೂ ತನ್ನ ಕಷ್ಟಗಳುಂಟು. ಸೌದೆಯ ಅನಿಲದಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದ ವಿಷ. ಅದರ ಟಾರ್ ತೊಳೆಯದೆ ಬಿಟ್ಟರೆ ವಾಲ್ವ್ ಅಂಟಿಕೊಳ್ಳುತ್ತದೆ. ತೊಳೆದ ನೀರನ್ನು ಹಳ್ಳಕ್ಕೆ ಬಿಟ್ಟರೆ ಹಳ್ಳ ಕೆಡುತ್ತದೆ. ಬೇಲಿಯ ಹೊಂಗೆಯ ಎಣ್ಣೆಯೂ ಎಂಜಿನ್ನಿಗೆ ಆದೀತು. ಆದರೆ ಹಸಿ ಎಣ್ಣೆ ಡೀಸೆಲಿಗಿಂತ ಬಹಳ ಮಂದವಾದುದರಿಂದ ನಾಝಲಿನಲ್ಲಿ ಮಸಿ ಕಟ್ಟುತ್ತದೆ. ಅದನ್ನು ಮೆಥನಾಲಿನೊಡನೆ ಸಂಸ್ಕರಿಸಿ ತೆಳುವಾಗಿಸಿದರೆ ಬಯೋಡೀಸೆಲ್ ಆಗುತ್ತದೆ.

ಹೊಗೆ ಹೇಳುವ ಮಾತು

ಒಂದು ಲೀಟರ್ ಡೀಸೆಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ದುಡಿಮೆಯಾಗುತ್ತದೆ. ಉಳಿದುದು ತಂಪು ಮಾಡುವ ನೀರಿಗೂ ಹೊಗೆಗೂ ಹೋಗುತ್ತದೆ. ಆ ಲೀಟರಿನ ತೂಕ ಒಂದು ಕಿಲೋಗಿಂತ ಕಡಿಮೆ. ಉರಿದಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಸುಮಾರು 2.7 ಕಿಲೋ. ಇಂಗಾಲ ಗಾಳಿಯ ಆಮ್ಲಜನಕವನ್ನು ಕೂಡಿಕೊಳ್ಳುವುದರಿಂದ ತೂಕ ಹೆಚ್ಚುತ್ತದೆ. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. 2020ರ ಏಪ್ರಿಲಿನಿಂದ ಭಾರತದಲ್ಲಿ ಬಿಎಸ್-6 ನಿಯಮದಂತೆ ಡೀಸೆಲಿನ ಗಂಧಕವನ್ನು ಹತ್ತು ಲಕ್ಷಕ್ಕೆ 10 ಭಾಗಕ್ಕೆ ಇಳಿಸಲಾಗಿದೆ. ಇಂಧನ ಶುದ್ಧವಾದ ಮಾತ್ರಕ್ಕೆ ಹಳೆಯ ಎಂಜಿನ್ನಿನ ಹೊಗೆ ಶುದ್ಧವಾಗುವುದಿಲ್ಲ.

ಹೊಗೆ ಕಪ್ಪಾಗಿದ್ದರೆ ಇಂಧನಕ್ಕೆ ತಕ್ಕ ಗಾಳಿ ಸಿಗುತ್ತಿಲ್ಲ: ಏರ್ ಫಿಲ್ಟರ್ ಕಟ್ಟಿದೆ, ಹೊರೆ ಮಿತಿಮೀರಿದೆ, ಇಲ್ಲವೇ ನಾಝಲ್ ಕೆಟ್ಟಿದೆ. ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ, ರಿಂಗುಗಳು ಸವೆದಿರಬಹುದು. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಉರಿಯದೆ ಹೋಗುತ್ತಿದೆ, ಇಲ್ಲವೇ ಸಿಲಿಂಡರಿಗೆ ನೀರು ಸೋರುತ್ತಿದೆ. ಬೇಗ ರಿಪೇರಿಯಾದ ಎಂಜಿನ್ ಎಣ್ಣೆಯನ್ನೂ ಉಳಿಸುತ್ತದೆ, ಉಸಿರನ್ನೂ ಉಳಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಬಾರದು. ಬದಲಿಸಿ ತೆಗೆದ ಕಪ್ಪು ಆಯಿಲನ್ನು ಹಳ್ಳದ ದಂಡೆಯಲ್ಲಿ ಚೆಲ್ಲಬಾರದು. ಮಲೆಯಲ್ಲಿ ಚೆಲ್ಲಿದ್ದು ಕೆಳಗಿನ ಊರಿನ ಕೊಡಕ್ಕೆ ಬರುತ್ತದೆ.

ಕರೆಂಟು ತಲುಪಿದ ಊರಿನಲ್ಲಿ ಮೋಟಾರು, ಬಿಸಿಲಿರುವ ಬಯಲಿನಲ್ಲಿ ಸೌರ ಪಂಪು ಡೀಸೆಲಿಗಿಂತ ಮೇಲು. ಆದರೂ ಮಳೆಗಾಲದಲ್ಲಿ ತಂತಿ ಕಡಿದು ವಾರಗಟ್ಟಲೆ ಕತ್ತಲಾಗುವ ಘಟ್ಟದ ಊರುಗಳಲ್ಲಿ ಜನರೇಟರಿನ ಸದ್ದು ಇನ್ನೂ ನಿಂತಿಲ್ಲ. ಅಂಥಲ್ಲಿ ಪುರದವರ ಅನುಭವ ದಾರಿ ತೋರುತ್ತದೆ. ಇರುವ ಸಗಣಿಯೆಷ್ಟು, ಬೇಕಾದುದೇನು ಎಂದು ಲೆಕ್ಕ ಹಾಕಿದಾಗ ಒಲೆಗಿಂತ ನೀರು ಮೊದಲಾಯಿತು. ಯಂತ್ರ ಆ ತೀರ್ಮಾನವನ್ನು ಹಿಂಬಾಲಿಸಿತು. ಎಂಜಿನ್ ಕೊಳ್ಳುವ ಮೊದಲು ಪ್ರತಿ ಊರೂ ಅಂಥದೊಂದು ಲೆಕ್ಕಕ್ಕೆ ಕೂಡುವುದು ಒಳ್ಳೆಯದು.