ಅಂಗಮಾರಿಯ ಕುಲ ಯಾವುದು?



ಕೋಲಾರದಿಂದ ಟೊಮೇಟೊ ಹೇರಿದ ಗಾಡಿಗಳು ಹಳೇ ಮದ್ರಾಸು ರಸ್ತೆ ಹಿಡಿದು ನಮ್ಮ ಕೆ.ಆರ್. ಪುರ, ರಾಮಮೂರ್ತಿ ನಗರದ ಕಡೆಗೆ ಬರುತ್ತವೆ. ನಾಲ್ಕು ದಿನ ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿಯಿತೆನ್ನಿ, ಅಂಗಮಾರಿ ಬಿದ್ದು ಗಿಡವೆಲ್ಲ ಬೆಂದಂತಾಗುತ್ತದೆ; ಹೇರಲು ಹಣ್ಣೇ ಇರುವುದಿಲ್ಲ. ಆಗ ಅಂಗಡಿಗೆ ಓಡಿ "ಬೂಷ್ಟಿನ ಔಷಧಿ ಕೊಡಪ್ಪ" ಅಂತೀವಿ. ತಂದು ಹೊಡೀತೀವಿ. ಕೆಲವು ಸಲ ರೋಗ ಜಗ್ಗೋದೇ ಇಲ್ಲ. ಯಾಕೆ ಗೊತ್ತೆ? ಈ ರೋಗಾಣು ನಿಜವಾದ ಬೂಷ್ಟೇ ಅಲ್ಲ.

ಹಿಂದಿನ ವಿದ್ವಾಂಸರು ಜೀವಿಗಳನ್ನು ರೂಪ ನೋಡಿ ಕುಲ ವಿಂಗಡಿಸಿದರು. ಇದಕ್ಕೆ 1876ರಲ್ಲಿ ಜರ್ಮನಿಯ ಡಿ ಬಾರಿ ಎಂಬುವರು 'ಫೈಟಾಫ್ತೊರ', ಅಂದರೆ ಗಿಡನಾಶಕ, ಎಂದು ಹೆಸರಿಟ್ಟರು. ದಾರದಂಥ ಎಳೆಗಳಿದ್ದುದರಿಂದ ಅಣಬೆ, ಬೂಷ್ಟುಗಳ ಸಾಲಿಗೇ ಸೇರಿತು. ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಸಾಹೇಬರು 1910ರಲ್ಲಿ ಅಡಿಕೆಯ ಕೊಳೆರೋಗದ ವಿಚಾರ ಬರೆದರಲ್ಲ, ಆ ರೋಗಾಣುವೂ ಇದೇ ವಂಶದ್ದು. ಅವರೂ ಅದನ್ನು ಶಿಲೀಂಧ್ರವೆಂದೇ ಎಣಿಸಿದ್ದರು.

ಆಮೇಲೆ ರಸಾಯನಶಾಸ್ತ್ರ ಬೆಳೆಯಿತು. ಬೂಷ್ಟಿನ ಕಣದ ಗೋಡೆಯಲ್ಲಿರುವುದು ಏಡಿಯ ಚಿಪ್ಪಿನಲ್ಲಿರುವ ವಸ್ತು; ಅಂಗಮಾರಿಯದರಲ್ಲಿರುವುದು ಹತ್ತಿಯ ನಾರಿನಲ್ಲಿರುವ ವಸ್ತು. ಇದರ ಮರಿಗಳಿಗೆ ಎರಡೆರಡು ಬಾಲ, ಎಲೆ ಮೇಲಿನ ನೀರಲ್ಲಿ ಈಜುತ್ತವೆ. ಕಡೆಗೆ ವಂಶವಾಹಿಗಳನ್ನೇ ಓದಿ ನೋಡಿದಾಗ ತೀರ್ಮಾನವಾಯಿತು: ಇದು ಸಮುದ್ರದ ಕಂದುಪಾಚಿಯ ದಾಯಾದಿ. ಇನ್ನೊಂದು ವಿಚಿತ್ರ ಕೇಳಿ, ಅಣಬೆ ಗಿಡಗಳಿಗಿಂತ ನಮಗೂ ನಿಮಗೂ ಹತ್ತಿರದ ನಂಟು!

ಈ ಕುಲ ಕಟ್ಟಿಕೊಂಡು ನಮಗೇನು ಅನ್ನಬೇಡಿ. ಹೆಕ್ಸಕೊನಜೋಲ್‌ನಂಥ ಔಷಧಿ ಬೂಷ್ಟು ತನ್ನ ಮೈಗೆ ಬೇಕಾದ ಒಂದು ಕೊಬ್ಬನ್ನು ತಯಾರಿಸದಂತೆ ತಡೆಯುತ್ತದೆ. ಅಂಗಮಾರಿ ರೋಗಾಣು ಆ ಕೊಬ್ಬನ್ನು ತಯಾರಿಸುವುದೇ ಇಲ್ಲ! ಹೊಡೆದ ದುಡ್ಡು ನೀರಲ್ಲಿ ಹೋಮ. ಮೆಟಲಾಕ್ಸಿಲ್ ಇದಕ್ಕೆ ನಾಟುತ್ತದೆ, ಆದರೆ ನಿಜವಾದ ಬೂಷ್ಟಿಗೆ ನಾಟುವುದಿಲ್ಲ.

ಆದ್ದರಿಂದ ಮೊದಲು ಎಲೆ ನೋಡಿ. ಬಳೆಯೊಳಗೆ ಬಳೆ ಇಟ್ಟಂತೆ ಕಂದು ಚುಕ್ಕೆಯಿದ್ದರೆ ಅದು ಮುಂಚಿನ ಅಂಗಮಾರಿ, ನಿಜವಾದ ಬೂಷ್ಟು. ನೀರಲ್ಲಿ ನೆನೆದಂಥ ಮಚ್ಚೆ, ಬೆಳಗಿನ ತಂಪಿನಲ್ಲಿ ಎಲೆಯಡಿ ಬಿಳೀ ನವಿರು ಕಂಡರೆ ಕೊನೆಯ ಅಂಗಮಾರಿ, ಈ ಪಾಚಿಯ ದಾಯಾದಿ. ಹೆಸರೊಂದೇ, ಕುಲ ಬೇರೆ. ಕೋಲ್ಮನ್ನರ ಕಾಲದ ಬೋರ್ಡೋ ದ್ರಾವಣ ಮಾತ್ರ ಕುಲ ಕೇಳುವುದಿಲ್ಲ, ಎರಡನ್ನೂ ತಡೆಯುತ್ತದೆ. ಆದರೆ ರೋಗ ಹತ್ತುವ ಮುಂಚೆಯೇ ಸಿಂಪಡಿಸಿರಬೇಕು. ಮೆಟಲಾಕ್ಸಿಲನ್ನು ಬರೀ ಅದೊಂದನ್ನೇ ಮೇಲಿಂದ ಮೇಲೆ ಹೊಡೆದರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುತ್ತದೆ. ಮ್ಯಾಂಕೋಜೆಬ್ ಬೆರೆಸಿದ ಪೊಟ್ಟಣವನ್ನೇ ಕೇಳಿ ತನ್ನಿ.