ಹೊಸ್ತಿಲಿನ ಪ್ರಶ್ನೆ

ಗಡಿಯೆಂದರೆ ಭೂಪಟದ ಮೇಲಿನ ಗೆರೆಯೆಂದು ಶಾಲೆಯಲ್ಲಿ ಕಲಿಯುತ್ತೇವೆ. ಪ್ರವಾಸಿಗಾದರೋ ಅದು ಒಂದು ಮೇಜು. ಮೇಜಿನಾಚೆ ಒಬ್ಬ ಅಧಿಕಾರಿ. ಬಂದವರನ್ನು ವಿಚಾರಿಸುವುದು ಆತನ ಕರ್ತವ್ಯವೆಂಬುದನ್ನು ಒಪ್ಪೋಣ. ಆದರೆ ವಿಚಾರಣೆ ಎಲ್ಲಿ ಮುಗಿದು ಅವಮಾನ ಎಲ್ಲಿ ಮೊದಲಾಗುತ್ತದೆ? ಹೀಗೆ ಕೇಳಿಕೊಂಡಾಗಲೆಲ್ಲ ನನಗೆ ರವೀಂದ್ರನಾಥ ಠಾಕೂರರ ಬಾಳಿನ ಒಂದು ಪ್ರಸಂಗ ನೆನಪಾಗುತ್ತದೆ.

1929ರ ಏಪ್ರಿಲ್ ತಿಂಗಳು. ಶಿಕ್ಷಣ ಸಮ್ಮೇಳನವೊಂದರಲ್ಲಿ ಮಾತನಾಡಲು ಕವಿ ಕೆನಡಾಕ್ಕೆ ಹೋಗಿದ್ದರು. ನೊಬೆಲ್ ಪಾರಿತೋಷಕ ಬಂದು ಆಗಲೇ ಹದಿನಾರು ವರ್ಷ, ವಯಸ್ಸು ಅರವತ್ತೇಳು. ಅಲ್ಲಿಂದ ಅಮೆರಿಕಕ್ಕೆ ಹೋಗಬೇಕಾಗಿತ್ತು; ಪಾಸ್‌ಪೋರ್ಟ್ ಕಳೆದುಹೋಗಿತ್ತು. ವ್ಯಾಂಕೂವರಿನಲ್ಲಿದ್ದ ಅಮೆರಿಕದ ವಲಸೆ ಅಧಿಕಾರಿ ಅವರನ್ನು ಕಾಯಿಸಿ, ಬಳಿಕ ಒರಟಾಗಿ ಪ್ರಶ್ನಿಸಿದ. ಪ್ರಯಾಣದ ವೆಚ್ಚ ಯಾರದು, ಹಿಂದಿರುಗುವುದು ನಿಶ್ಚಯವೇ ಎಂಬ ಧಾಟಿಯ ಪ್ರಶ್ನೆಗಳು. ಕವಿ ಲಾಸ್ ಏಂಜಲೀಸಿನವರೆಗೆ ಹೋದರು. ಕೆಲವೇ ದಿನಗಳಲ್ಲಿ ಉಳಿದ ಪ್ರವಾಸವನ್ನು ಕೈಬಿಟ್ಟು ಜಪಾನಿನತ್ತ ಹೊರಟ ಹಡಗನ್ನೇರಿದರು.

ಮಹಾಕವಿಯನ್ನು ಗುರುತಿಸದೆ ಹೋದರಲ್ಲ ಎಂದು ನಾವು ಮರುಗುತ್ತೇವೆ. ನನಗೆ ಈ ಮರುಕ ಸಾಲದೆನಿಸುತ್ತದೆ. ಗುರುತಿಸಿದ್ದರೆ ಎಲ್ಲವೂ ಸರಿಹೋಗುತ್ತಿತ್ತೇ? 1917ರ ಅಮೆರಿಕದ ಕಾನೂನು ಭಾರತವೂ ಸೇರಿದಂತೆ ಏಷ್ಯದ ಬಹುಭಾಗವನ್ನು ನಿಷಿದ್ಧ ವಲಯವೆಂದು ಸಾರಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತ್ತು. ಹೀಗೆ, ಪ್ರಶ್ನೆ ಕೇಳುವ ಮೊದಲೇ ಉತ್ತರ ಸಿದ್ಧವಾಗಿತ್ತು. ಅಧಿಕಾರಿಯ ನಾಲಗೆ ಸೇರಿಸಿದ್ದು ಒರಟುತನವನ್ನು ಮಾತ್ರ.

ಅದೇ ವ್ಯಾಂಕೂವರಿನ ಬಂದರಿನಲ್ಲಿ, ಅದಕ್ಕೆ ಹದಿನೈದು ವರ್ಷ ಮೊದಲು, 1914ರಲ್ಲಿ, ಕೊಮಗಾಟ ಮಾರು ಎಂಬ ಹಡಗು ಎರಡು ತಿಂಗಳು ನಿಂತಿತ್ತು. ಅದರಲ್ಲಿದ್ದವರು 376 ಮಂದಿ, ಬಹುತೇಕ ಪಂಜಾಬಿನ ಸಿಖ್ಖರು. ಕೆನಡಾದ ಅಧಿಕಾರಿಗಳು ಇಪ್ಪತ್ತು ಚಿಲ್ಲರೆ ಮಂದಿಯನ್ನು ಬಿಟ್ಟು ಉಳಿದವರೆಲ್ಲರನ್ನೂ ಹಿಂದಕ್ಕೆ ಅಟ್ಟಿದರು. ಅವರ ಪರವಾಗಿ ಮರುಗಲು ನೊಬೆಲ್ ಪಾರಿತೋಷಕವಿರಲಿಲ್ಲ. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೋರಿದ್ದು 2016ರಲ್ಲಿ.

1930ರಲ್ಲಿ ಠಾಕೂರರು ಮತ್ತೆ ಅಮೆರಿಕಕ್ಕೆ ಹೋದಾಗ ಅಧ್ಯಕ್ಷ ಹೂವರರೇ ಅವರನ್ನು ಬರಮಾಡಿಕೊಂಡರು. ಕವಿಗೆ ಬಾಗಿಲು ತೆರೆಯಿತು, ಕಾನೂನು ಕದಲಲಿಲ್ಲ. 1946ರಲ್ಲಿ ಅದು ಸಡಿಲಗೊಂಡಾಗಲೂ ಭಾರತೀಯರಿಗೆ ದೊರೆತದ್ದು ವರ್ಷಕ್ಕೆ ನೂರು ಮಂದಿಯ ಪಾಲು.

ಪರದೇಶದ ಮಾತಾಯಿತು. ನಮ್ಮ ಹೊಸ್ತಿಲಿನಲ್ಲಿಯೂ ಪ್ರಶ್ನೆಗಳುಂಟು. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಟ್ಟು, ಆಮೇಲೆ ಯಾವೂರೆಂದು ಕೇಳುವುದು ನಮ್ಮ ಹಳ್ಳಿಗಳ ಸಂಪ್ರದಾಯ. ಅದೇ ಪ್ರಶ್ನೆ ನೀರಿಗೆ ಮೊದಲು ಬಂದರೆ ತನಿಖೆಯಾಗುತ್ತದೆ. ಆದರೆ ಆ ನೀರನ್ನು ನಾವು ಎಲ್ಲರಿಗೂ ಕೊಟ್ಟೆವೇ? ಹೆಸರು ಕೇಳುವ ಮೊದಲೇ ಜಾತಿಯಿಂದ ಉತ್ತರವನ್ನು ನಿಶ್ಚಯಿಸಿ, ಎಷ್ಟು ಜನರನ್ನು ತಲೆಮಾರುಗಳ ಕಾಲ ಅಂಗಳದಲ್ಲೇ ನಿಲ್ಲಿಸಲಿಲ್ಲ! ವ್ಯಾಂಕೂವರಿನ ಮೇಜನ್ನು ನಿಂದಿಸುವ ಹಕ್ಕು ನಮಗಿದೆ. ಆದರೆ ನಮ್ಮ ಮನೆಯ ಹೊಸ್ತಿಲನ್ನೂ ಒಮ್ಮೆ ನೋಡಿಕೊಂಡ ಮೇಲೆ ನಿಂದಿಸಿದರೆ, ಆ ನಿಂದೆಗೆ ನ್ಯಾಯದ ಬಲವಿರುತ್ತದೆ.