ಮೈಸೂರನ್ನು ತಿರುವಿ ಬರೆದರೆ

ಪ್ರಾಂಶುಪಾಲರೇ, ಕಂಪ್ಯೂಟರ್ ಸೈನ್ಸ್ ವಿಭಾಗದ ಅಧ್ಯಾಪಕರೇ, ನಿದ್ದೆಗೆಟ್ಟು ಮೇಜು ಜೋಡಿಸಿರುವ ವಿದ್ಯಾರ್ಥಿಗಳೇ,

ಭಾಷಾ ತಂತ್ರಜ್ಞಾನದ ಪ್ರಾಜೆಕ್ಟುಗಳಿಗೇ ಮೀಸಲಾದ ಈ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ದೀಪ ಹಚ್ಚಿದ್ದಾಯಿತು. ಹೆಚ್ಚು ಹೊತ್ತು ಕೂರಿಸುವುದಿಲ್ಲ.

ಮೊದಲ ವರ್ಷದ ಲ್ಯಾಬಿನಲ್ಲಿ ನೀವೆಲ್ಲ ಬರೆದ ಪ್ರೋಗ್ರಾಂ ಒಂದಿದೆ, ಸ್ಟ್ರಿಂಗ್ ರಿವರ್ಸ್. ಇಂಗ್ಲಿಷ್ ಪದ ಕೊಟ್ಟರೆ ತಕರಾರಿಲ್ಲ. ‘ಕನ್ನಡ’ ಎಂದು ಕೊಡಿ, ‘ಡನ್ನಕ’ ಬರುತ್ತದೆ. ಗೆದ್ದೆವೆಂದು ಬೀಗುವ ಮೊದಲು ‘ಮೈಸೂರು’ ಕೊಟ್ಟು ನೋಡಿ. ಕೊನೆಯ ಕೊಂಬು ಆಸರೆಯಿಲ್ಲದೆ ಮುಂದೆ ಬಂದು ನಿಲ್ಲುತ್ತದೆ, ಅದರ ಹಿಂದೆ ‘ರೂಸೈಮ’! ನಮ್ಮ ಕಣ್ಣಿಗೆ ಮೂರು ಅಕ್ಷರ. ಯುನಿಕೋಡ್‌ಗೆ ಆರು ಸಂಕೇತ, ವ್ಯಂಜನ ಬೇರೆ, ಸ್ವರಚಿಹ್ನೆ ಬೇರೆ. ‘ಕನ್ನಡ’ದಲ್ಲಿ ಸ್ವರಚಿಹ್ನೆಯಿಲ್ಲ, ಒತ್ತೂ ನಕಾರದ್ದೇ. ಹಾಗಾಗಿ ತಪ್ಪು ಅಡಗಿ ಕೂತಿತ್ತು. ಒಂದೇ ಪದ ಹಾಕಿ ಪರೀಕ್ಷಿಸುವವರಿಗೆ ಅದು ಸಿಗುವುದೇ ಇಲ್ಲ.

ಲಿಪಿಯ ಗುಣ ಅರಿತು ಕಟ್ಟಿದ್ದು ಹೀಗೆ ಎಡವುವುದಿಲ್ಲ. ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸ ಅಷ್ಟು ಜನರ ಬೆರಳಿಗೆ ಒಗ್ಗಿದ್ದು ಕಾಗುಣಿತದ ತರ್ಕವನ್ನೇ ಹಿಡಿದದ್ದರಿಂದ: ವ್ಯಂಜನ ಒತ್ತಿ, ಸ್ವರ ಒತ್ತಿದರೆ ಅಕ್ಷರ ಸಿದ್ಧ. ಕನ್ನಡದಲ್ಲಿ ಹುಡುಕುವ ತಂತ್ರಾಂಶ ಬೇಕೇ? ‘ಊರಿಗೆ’, ‘ಊರಿನಲ್ಲಿ’, ‘ಊರಿನವರಿಗೂ’ ಎಲ್ಲವೂ ‘ಊರು’ ಎಂಬಲ್ಲಿಗೇ ಬಂದು ಸೇರಬೇಕು. ಸಂಧಿ, ವಿಭಕ್ತಿಗಳ ಲೆಕ್ಕವನ್ನು 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ ಸೂತ್ರಗಳಲ್ಲಿ ಕಟ್ಟಿಟ್ಟಿದ್ದಾನೆ. ಅವನನ್ನು ಅಲ್ಗಾರಿದಮ್ ಪುಸ್ತಕದ ಪಕ್ಕದಲ್ಲಿಟ್ಟು ಓದಿ ಎಂದರೆ ನನ್ನದು ಬರೀ ಅಭಿಮಾನ ಎಂದುಕೊಳ್ಳಬೇಡಿ.

ಒಂದು ತಕರಾರೂ ಇದೆ. ಸಿದ್ಧ ಮಾಡೆಲ್ ಇಳಿಸಿಕೊಂಡು, ಓಡಿಸಿ, ನಿಖರತೆ ಶೇಕಡಾ ಇಷ್ಟು ಎಂದು ಚಾರ್ಟಿಗೆ ಅಂಟಿಸುವುದು ಈಗ ಸುಲಭ. ಯಾವ ವಾಕ್ಯಗಳ ಮೇಲೆ ಅಷ್ಟು? ಪತ್ರಿಕೆಯ ಕನ್ನಡದ ಮೇಲೋ, ಕಲಬುರಗಿಯ ಸಂತೆಯ ಮಾತಿನ ಮೇಲೋ? ಪರೀಕ್ಷೆಗೆ ವಾಕ್ಯ ಆಯ್ದು, ಕಾಗುಣಿತ ತಿದ್ದಿ, ಗುರುತು ಹಾಕುವುದು ಬೇಸರದ ಕೆಲಸ, ನಿಜ. ಆದರೆ ಎಂಜಿನಿಯರಿಂಗ್ ಇರುವುದು ಅಲ್ಲೇ. ಅದಕ್ಕೆ ಅಂಕ ಕೊಡಿ, ಅಧ್ಯಾಪಕರೇ. ಮುಂದಿನ ವರ್ಷದ ವೈವಾಕ್ಕೆ ಕನ್ನಡ ಪಾಠ ಮಾಡುವವರೊಬ್ಬರನ್ನು ಪರೀಕ್ಷಕರಾಗಿ ಕೂರಿಸಿ. ಕೆಲವು ಪ್ರಾಜೆಕ್ಟುಗಳು ಅವರ ಮೊದಲ ಪ್ರಶ್ನೆಗೇ ತಡವರಿಸುತ್ತವೆ, ತಡವರಿಸಲಿ.

ಈಗ ಮೇಜುಗಳ ಕಡೆ ಹೋಗೋಣ. ಮಾತನ್ನು ಬರಹವಾಗಿಸುವ ತಂಡದವರು ಎಲ್ಲಿದ್ದೀರಿ? ಮೊದಲು ನಿಮ್ಮಲ್ಲಿಗೇ ಬರುತ್ತೇನೆ. ನನ್ನದು ಕುಂದಾಪುರದ ಕನ್ನಡ, ಸಿದ್ಧವಾಗಿರಿ.